ಮೀನುಗಾರರ ಕೇರಿಯಲ್ಲಿ ಒಂದು ಭಾನುವಾರ

ಕುವೈತಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನಾನು ರಕ್ತ ಪರೀಕ್ಷೆ ಮಾಡುವವಳು. ಹದಿನೇಳು ವರ್ಷಗಳಿಂದ ಅದೇ ಕೆಲಸ, ಅದೇ ಫಹಾಹೀಲಿನ ರಸ್ತೆ, ಮಂಗಫಿನ ಅದೇ ಎರಡು ಕೋಣೆಯ ಫ್ಲ್ಯಾಟು. ಗಂಡ ರಿಫೈನರಿಯ ಬಸ್ಸು ಹತ್ತಿ ಹೋದ ಮೇಲೆ ಮಗಳನ್ನು ಶಾಲೆಗೆ ಕಳಿಸಿ ನಾನು ಹೊರಡುತ್ತೇನೆ. ಇಂಥ ದಿನಗಳ ಸಾಲಿನ ನಡುವೆ ಜರ್ಮನಿಯ ಒಂದು ವಾರ ಎಲ್ಲಿಂದ ಬಂದು ಸೇರಿತೋ ಎಂದು ಈಗಲೂ ಬೆರಗಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಮುದ್ರೆ ಇದೆ, ಆದ್ದರಿಂದ ಹೋಗಿದ್ದು ನಿಜ.

ಲ್ಯಾಬಿಗೆ ಹೊಸ ಯಂತ್ರವೊಂದು ಬರುವುದಿತ್ತು. ಅದನ್ನು ನಡೆಸುವುದು ಕಲಿಯಲು ಇಬ್ಬರನ್ನು ಕಳಿಸಬೇಕು ಎಂದಾಯಿತು. ಒಬ್ಬರು ನಮ್ಮ ಲ್ಯಾಬಿನ ಮುಖ್ಯಸ್ಥೆ. ಇನ್ನೊಬ್ಬರು ಯಾರು ಎಂದು ಆಡಳಿತದವರು ಕೇಳಿದಾಗ ಅವರು ನನ್ನತ್ತ ಬೆರಳು ತೋರಿಸಿ, "ಇವಳು ಬರ್ಲಿ. ಇವಳಾದ್ರೆ ನನ್ನ ಗೊರಕೆ ಸಹಿಸಿಕೊಳ್ತಾಳೆ" ಎಂದರು.

ಅವರು ಮಂಗಳೂರಿನ ಕೊಂಕಣಿ ಕ್ರೈಸ್ತ ಮನೆತನದವರು. ನನಗಿಂತ ಹದಿನಾಲ್ಕು ವರ್ಷ ದೊಡ್ಡವರು. ಗಂಡನ ಜೊತೆ ಕೊಂಕಣಿ, ನನ್ನ ಜೊತೆ ಕನ್ನಡ, ಕೋಪ ಬಂದರೆ ಇಂಗ್ಲಿಷ್. ಲ್ಯಾಬಿನಲ್ಲಿ ಎಲ್ಲರೂ ಅವರನ್ನು ಮೇಡಂ ಎಂದರೆ ನಾನು ಮಾತ್ರ ಅಕ್ಕ ಎನ್ನುತ್ತಿದ್ದೆ. ನನ್ನ ಹೆರಿಗೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತವರು ಅವರೇ. ವಾರಕ್ಕೊಮ್ಮೆ, ಶುಕ್ರವಾರ ಬೆಳಿಗ್ಗೆ, ಅವರ ಕಾರಿನಲ್ಲಿ ಇಬ್ಬರೂ ಫಹಾಹೀಲಿನ ಮೀನು ಮಾರ್ಕೆಟಿಗೆ ಹೋಗುತ್ತಿದ್ದೆವು.

ಇಷ್ಟು ಹತ್ತಿರದವರಿಗೆ ನಾನೊಂದು ಸುಳ್ಳು ಹೇಳಿದ್ದೆ.

ಕೆಲಸಕ್ಕೆ ಸೇರಿದ ಮೊದಲ ತಿಂಗಳ ಮಾತು. ಯಂತ್ರಗಳ ಸದ್ದಿನಲ್ಲಿ ಆಚೆ ತುದಿಯಲ್ಲಿದ್ದವರಿಗೆ ಏನೋ ಹೇಳಬೇಕಾಗಿತ್ತು, ಊರಿನ ಅಭ್ಯಾಸದಂತೆ ಗಟ್ಟಿಯಾಗಿ ಕೂಗಿದೆ. ಅಕ್ಕ ನಗುತ್ತಾ, "ಮಾರಾಯ್ತಿ, ಮೀನಿನವಳ ಹಾಗೆ ಬೊಬ್ಬೆ ಹೊಡೀಬೇಡ" ಎಂದರು. ಕನ್ನಡ ಬಾರದವರೂ ನಕ್ಕರು. ಚಹಾದ ಹೊತ್ತಿಗೆ ಅವರೇ ಪ್ರೀತಿಯಿಂದ ಪಕ್ಕದಲ್ಲಿ ಕೂತು ಕೇಳಿದರು.

"ನಿನ್ನ ಅಪ್ಪನಿಗೆ ಎಂಥ ಕೆಲಸ?"

"ಪೋಸ್ಟ್ ಆಫೀಸಲ್ಲಿದ್ರು."

"ಅಮ್ಮ?"

"ಅಮ್ಮ ಮನೆಯಲ್ಲೇ."

ಅಪ್ಪ ಬೇರೆಯವರ ದೋಣಿಯಲ್ಲಿ ಕಡಲಿಗೆ ಹೋಗುತ್ತಿದ್ದರು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಹೊಳೆ ಕಡಲಿಗೆ ಸೇರುವ ಅಳಿವೆಯ ಬಾಯಲ್ಲಿ ದೋಣಿ ಮಗುಚಿ ಅವರ ಸೊಂಟಕ್ಕೆ ಪೆಟ್ಟಾಯಿತು. ಮತ್ತೆ ಅವರು ದೋಣಿ ಹತ್ತಲಿಲ್ಲ. ಅಲ್ಲಿಂದ ಮನೆ ನಡೆದದ್ದು ಅಮ್ಮನ ತಲೆಯ ಮೇಲಿನ ಬುಟ್ಟಿಯಿಂದ. ಬೆಳಗಾಗುವ ಮೊದಲೇ ದೋಣಿಗಳು ಬಂದು ನಿಲ್ಲುವ ಧಕ್ಕೆಗೆ ಹೋಗಿ ಮೀನು ಎತ್ತಿಕೊಂಡು ಮಂಗಳೂರಿನ ಬೀದಿ ಬೀದಿ ತಿರುಗಿ, ಮಧ್ಯಾಹ್ನ ಖಾಲಿ ಬುಟ್ಟಿಯೊಂದಿಗೆ ಬರುತ್ತಿದ್ದಳು. ನನ್ನ ಕಾಲೇಜು, ನನ್ನ ಬಿಳಿ ಕೋಟು, ಎಲ್ಲವೂ ಆ ಬುಟ್ಟಿಯೊಳಗಿಂದ ಬಂದದ್ದು.

ಒಂದು ಸುಳ್ಳು ಹೇಳಿದರೆ ಅದನ್ನು ಸಾಕಬೇಕಾಗುತ್ತದೆ. ಅಪ್ಪ ತೀರಿಕೊಂಡಾಗ ಅಕ್ಕ ನನ್ನ ತಲೆ ನೇವರಿಸುತ್ತಾ, "ಅಮ್ಮನಿಗೆ ಪೆನ್ಶನ್ ಬರ್ತದಲ್ಲ?" ಎಂದು ಕೇಳಿದರು. "ಬರ್ತದೆ" ಎಂದೆ. ಆವತ್ತು ಅತ್ತದ್ದರಲ್ಲಿ ಅಪ್ಪನಿಗಾಗಿ ಎಷ್ಟು, ಆ ಒಂದು ಮಾತಿಗಾಗಿ ಎಷ್ಟು ಎಂದು ನನಗೇ ಗೊತ್ತಿಲ್ಲ.

ಜೂನಿನಲ್ಲಿ ಹೊರಟೆವು. ಕುವೈತಿನಲ್ಲಿ ಧೂಳು ಎದ್ದು ಆಕಾಶ ಕೆಂಪುಮಣ್ಣಿನ ಬಣ್ಣಕ್ಕೆ ತಿರುಗಿತ್ತು. ವಿಮಾನ, ಆಮೇಲೆ ರೈಲು. ಕಿಟಕಿಯ ಹೊರಗಿನ ಹಸಿರು ನೋಡುತ್ತಾ ನೋಡುತ್ತಾ ನನಗೆ ನಿದ್ದೆ, ಎಚ್ಚರವಾದರೆ ಮತ್ತೆ ಅದೇ ಹಸಿರು. ಶನಿವಾರ ಸಂಜೆ ಉಲ್ಮ್ ಎಂಬ ಊರಿಗೆ ತಲುಪಿದೆವು. ತರಬೇತಿ ಸೋಮವಾರದಿಂದ. ಭಾನುವಾರ ಪೂರ್ತಿ ಖಾಲಿ.

ಬೆಳಿಗ್ಗೆ ಅಕ್ಕ ಅಲ್ಲಿನ ದೊಡ್ಡ ಇಗರ್ಜಿಯಲ್ಲಿ ಸ್ವಲ್ಪ ಹೊತ್ತು ಕೂತು ಬಂದರು. ಅದರ ಗೋಪುರದ ತುದಿ ನೋಡಲು ಕುತ್ತಿಗೆ ಹಿಂದಕ್ಕೆ ಬಾಗಿಸಿದರೆ ತಲೆ ತಿರುಗುತ್ತಿತ್ತು. ನಂತರ ಅಂಗಡಿ ಸುತ್ತೋಣವೆಂದರೆ ಭಾನುವಾರ ಎಲ್ಲ ಬಂದ್. ಹೋಟೆಲಿನ ಹುಡುಗಿ ನಕ್ಷೆಯೊಂದನ್ನು ಬಿಡಿಸಿ, ಹೊಳೆಯ ಬದಿಯಲ್ಲಿ ಪೆನ್ನಿನಿಂದ ಒಂದು ವೃತ್ತ ಎಳೆದು ಕೊಟ್ಟಳು. ಅಕ್ಕ ಕನ್ನಡಕ ಏರಿಸಿ ಓದಿದರು.

"ಫಿಶರ್‌ಮೆನ್ಸ್ ಕ್ವಾರ್ಟರ್. ಮೀನುಗಾರರ ಕೇರಿಯಂತೆ ಮಾರಾಯ್ತಿ. ಇಷ್ಟು ದೂರ ಬಂದು ಅದನ್ನು ನೋಡುವುದಾ?"

"ಬೇಡ ಅಂತಾದ್ರೆ ಬೇಡ" ಎಂದೆ. ನಕ್ಷೆ ಮಡಚಲು ಕೈ ಚಾಚಿದೆ.

"ಬೇಡ ಅಂದವರು ಯಾರು? ನಡಿ."

ಚೌಕದಿಂದ ಇಳಿಜಾರಿನಲ್ಲಿ ಇಳಿದು ಎರಡು ತಿರುವು ದಾಟಿದೆವು, ಅಷ್ಟೇ. ಊರಿನ ಸದ್ದು ಯಾರೋ ಬಾಗಿಲು ಹಾಕಿಕೊಂಡಂತೆ ನಿಂತುಹೋಯಿತು. ಆಮೇಲೆ ಕೇಳಿದ್ದು ನೀರು. ಎಲ್ಲಿಂದ ಎಂದು ಗೊತ್ತಾಗಲಿಲ್ಲ, ಗೋಡೆಯ ಹಿಂದಿನಿಂದ, ಮೆಟ್ಟಿಲ ಕೆಳಗಿನಿಂದ, ನಾವು ನಿಂತ ಕಲ್ಲುಹಾಸಿನ ಅಡಿಯಿಂದಲೂ ಬಂದ ಹಾಗೆ. ಚಿಕ್ಕ ಹೊಳೆಯೊಂದು ಕವಲೊಡೆದು ಮನೆಗಳ ನಡುವೆಯೇ ಹರಿದು ಡ್ಯಾನ್ಯೂಬ್ ನದಿಗೆ ಸೇರುತ್ತದೆ. ಆ ಹೊಳೆಯ ಹೆಸರಿನ ಅರ್ಥ ನೀಲಿ ಎಂದಂತೆ. ನನಗೆ ಕಂಡದ್ದು ಹಸಿರು ಗಾಜಿನ ಬಣ್ಣ.

ಮನೆಗಳು ನೀರಿಗೆ ಕಾಲಿಳಿಬಿಟ್ಟು ನಿಂತಿದ್ದವು. ಬಿಳಿ ಗೋಡೆಗಳಲ್ಲಿ ಕಪ್ಪು ಮರದ ತೊಲೆಗಳು ಅಡ್ಡ, ಉದ್ದ, ಓರೆ. ಒಂದು ಮನೆಯಂತೂ ಪೂರ್ತಿ ಹೊಳೆಯ ಕಡೆಗೆ ವಾಲಿತ್ತು, ಮುಖ ನೋಡಿಕೊಳ್ಳಲು ಬಾಗಿದ ಮುದುಕಿಯ ಹಾಗೆ. ಕಿಟಕಿಗಳಲ್ಲಿ ಕೆಂಪು ಹೂವು. ಒಬ್ಬರೇ ದಾಟಬಹುದಾದ ಪುಟ್ಟ ಸೇತುವೆಗಳು. ಎಲ್ಲೋ ಒಂದು ಹಳೆಯ ನೀರುಚಕ್ರ ನಿಧಾನಕ್ಕೆ ತಿರುಗುತ್ತಿತ್ತು. ಬಿಸಿಲು ನೀರಿನಿಂದ ಪುಟಿದು ಗೋಡೆಗಳ ಮೇಲೆ ನಡುಗುತ್ತಿತ್ತು. ಆ ನಡುಗುವ ಬೆಳಕು ಮಾತ್ರ ನನಗೆ ಗುರುತಿತ್ತು. ಅಳಿವೆಯ ದಡದಲ್ಲಿ ಕಟ್ಟಿಹಾಕಿದ ದೋಣಿಗಳ ಹೊಟ್ಟೆಯ ಮೇಲೆ ಇದೇ ಬೆಳಕು ಆಡುತ್ತಿತ್ತು. ನಾನು ಅಲ್ಲಿ ಕೂತು ಅಮ್ಮನನ್ನು ಕಾಯುತ್ತಿದ್ದೆ.

ಸೇತುವೆಯ ಮೇಲೆ ಎಷ್ಟು ಹೊತ್ತು ನಿಂತೆನೋ. ನೀರು ನೋಡುತ್ತಿದ್ದರೆ ನೀರು ನಿಂತು ನಾವೇ ಹಿಂದಕ್ಕೆ ತೇಲಿಹೋಗುವ ಹಾಗಾಗುತ್ತದಲ್ಲ, ಹಾಗೆ ಆಗಿತ್ತು.

ಊಟದ ಹೊತ್ತು ಹತ್ತಿರವಾಗಿ ಯಾವುದೋ ಹೋಟೆಲಿನಿಂದ ಬೆಣ್ಣೆಯಲ್ಲಿ ಮೀನು ಕಾಯಿಸುವ ಪರಿಮಳ ತೇಲಿಬಂತು. ಅಕ್ಕ ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. ಮುಖದಲ್ಲಿ ಮಗುವಿನ ನಗು.

"ನಮ್ಮ ಮನೆಯ ಗೇಟಿನ ಹತ್ತಿರ ದಿನಾ ಬರ್ತಿದ್ರು ನೋಡು ಮೀನಿನವರು. ನಾನು ಶಾಲೆಗೆ ಹೊರಡುವ ಹೊತ್ತು. ಆ ಸ್ವರ ಕೇಳದಿದ್ರೆ ನನಗೆ ಬೆಳಗಾದ ಹಾಗೇ ಅಲ್ಲ." ಎಂದವರೇ ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಎರಡೂ ಕೈ ಬಾಯಿಯ ಬದಿಗಿಟ್ಟು ತುಳುವಿನಲ್ಲಿ ಕೂಗಿದರು.

"ಬಾಯೀ... ಮೀನ್ ಬೋಡೇ..."

ಬಾಯಿ ಎಂದರೆ ನಮ್ಮೂರಲ್ಲಿ ಕ್ರೈಸ್ತ ಮನೆಯ ಹೆಂಗಸರನ್ನು ಕರೆಯುವ ರೀತಿ. ಮೀನು ಬೇಕಾ ಎಂಬ ಆ ಕೂಗು ಓಣಿಯ ಒಂದು ಗೋಡೆಗೆ ಬಡಿದು ಇನ್ನೊಂದಕ್ಕೆ ಹೋಗಿ, ಸೇತುವೆಯ ಅಡಿಗೆ ಇಳಿದು ಹೋಯಿತು. ನಾನು ಸೇತುವೆಯ ಕಟಕಟೆ ಹಿಡಿದುಕೊಂಡೆ. ಅಕ್ಕ ಗೇಲಿ ಮಾಡುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಅವರಿಗೆ ಅವರ ಬೆಳಗು ನೆನಪಾಗಿತ್ತು. ಆದರೆ ಕೂಗು ತಪ್ಪಾಗಿತ್ತು.

"ಹಾಗಲ್ಲ ಅಕ್ಕ" ಎಂದೆ. ನನ್ನ ಸ್ವರ ನನಗೇ ದೂರದಿಂದ ಕೇಳಿಸಿತು. "ಕೊನೆಗೆ ಎಳೀಬಾರದು. ಎತ್ತಿ ಬಿಡಬೇಕು. ಇಲ್ಲದಿದ್ರೆ ಮಹಡಿ ಮನೆಯವರಿಗೆ ಕೇಳುವುದಿಲ್ಲ."

"ಹೇಗೆ?"

ನಾನು ಕೂಗಿದೆ. ಹೊಟ್ಟೆಯಿಂದ ಎತ್ತಿ, ಬುಟ್ಟಿಯ ಭಾರಕ್ಕೆ ಕುತ್ತಿಗೆ ಅಲುಗಿಸದೆ, ಅಮ್ಮ ಕೂಗುತ್ತಿದ್ದ ಹಾಗೆಯೇ. ರಜೆಯಲ್ಲಿ ಅವಳ ಹಿಂದೆ ತಕ್ಕಡಿ ಹಿಡಿದು ನಡೆಯುತ್ತಿದ್ದಾಗ ಕಲಿತದ್ದು. ಇಪ್ಪತ್ತೈದು ವರ್ಷಗಳಲ್ಲಿ ಒಮ್ಮೆಯೂ ಹೊರಗೆ ಬಂದಿರಲಿಲ್ಲ. ಬಾತುಕೋಳಿಯೊಂದು ರೆಕ್ಕೆ ಬಡಿದು ನೀರಿನಿಂದ ಎದ್ದಿತು.

ಅಕ್ಕ ನನ್ನನ್ನು ನೋಡುತ್ತಾ ನಿಂತರು.

"ಅಮ್ಮ ಮೀನು ಮಾರ್ತಿದ್ರು" ಎಂದೆ. "ಅಪ್ಪ ಕಡಲಿಗೆ ಹೋಗ್ತಿದ್ರು. ಪೋಸ್ಟ್ ಆಫೀಸು ಸುಳ್ಳು. ಪೆನ್ಶನ್ನೂ ಸುಳ್ಳು."

ಅಕ್ಕ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಮುಚ್ಚಳ ಬಿಚ್ಚಿ ನನ್ನ ಕೈಗೆ ಕೊಟ್ಟರು.

"ನನಗೆ ಗೊತ್ತಿತ್ತು ಮಾರಾಯ್ತಿ."

"ಹೇಗೆ?"

"ಮೊದಲ ಸಲ ಫಹಾಹೀಲ್ ಮಾರ್ಕೆಟಿಗೆ ಹೋದದ್ದು ನೆನಪುಂಟಾ? ಆ ಮಾರುವವ ಝುಬೈದಿ ಮೀನು ಹಿಡಿದು ಫ್ರೆಶ್ ಫ್ರೆಶ್ ಅಂತಿದ್ದ. ನೀನು ಅವನ ಮುಖವೂ ನೋಡ್ಲಿಲ್ಲ. ಎರಡು ಬೆರಳಲ್ಲಿ ಕಿವಿರು ಎತ್ತಿ, ಮೂಸಿ, ಕೈ ಬಿಟ್ಟು ಮುಂದೆ ಹೋದೆ. ಅವನೇ ಸುಮ್ಮನಾದ. ಪೋಸ್ಟ್ ಆಫೀಸಿನವರ ಮಗಳು ಹಾಗೆ ಮೀನು ಹಿಡೀತಾಳಾ?"

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

"ಮತ್ತೆ ಯಾಕೆ ಕೇಳ್ಲಿಲ್ಲ ಅಕ್ಕ?"

"ಏನು ಕೇಳುವುದು? ಮೊದಲ ತಿಂಗಳಲ್ಲಿ ನಾನೇ ಆ ಮಾತು ಆಡಿದ್ದೆ, ಮೀನಿನವಳ ಹಾಗೆ ಅಂತ. ಮಾರ್ಕೆಟಲ್ಲಿ ನಿನ್ನ ಕೈ ನೋಡಿದ ದಿನ ಮನೆಗೆ ಹೋಗಿ ನನಗೆ ಊಟ ಸೇರ್ಲಿಲ್ಲ. ಕ್ಷಮೆ ಕೇಳಿದ್ರೆ ನಿನ್ನ ಸುಳ್ಳು ಹೊರಗೆ ಬೀಳ್ತದೆ. ಕೇಳದಿದ್ರೆ ನನ್ನ ತಪ್ಪು ಒಳಗೇ ಇರ್ತದೆ. ಹೇಳುವ ದಿನ ನೀನೇ ಹೇಳ್ತಿ ಅಂತ ಕಾದೆ."

ಹದಿನೈದು ವರ್ಷ ಒಂದೇ ಕೋಣೆಯಲ್ಲಿ ಒಬ್ಬರ ಬೆನ್ನಿಗೆ ಒಬ್ಬರು ಕೂತು ಕೆಲಸ ಮಾಡಿದ್ದೆವು. ನಾನು ಬಚ್ಚಿಟ್ಟದ್ದನ್ನು ಅವರು ಕಾಪಾಡಿಕೊಂಡು ಬಂದಿದ್ದರು.

ಅಷ್ಟರಲ್ಲಿ ಎದುರಿನ ಮನೆಯ ಮೇಲಿನ ಕಿಟಕಿ ತೆರೆಯಿತು. ಬಿಳಿಗಡ್ಡದ ಮುದುಕರೊಬ್ಬರು ತಲೆ ಹೊರಹಾಕಿ ಜರ್ಮನಿನಲ್ಲಿ ಏನೋ ಕೇಳಿದರು. ನಾವು ಪಿಳಿಪಿಳಿ ನೋಡಿದ್ದರಿಂದ ಒಡೆದ ಇಂಗ್ಲಿಷಿಗೆ ಇಳಿದರು. ಯಾವ ಹಾಡು ಅದು, ಎಂದು. ಗದರಿಸಲು ಬಂದರೆಂದು ಹೆದರಿದ್ದ ಅಕ್ಕ ಧೈರ್ಯ ತಂದುಕೊಂಡು, ಹಾಡಲ್ಲ, ನಮ್ಮ ಊರಲ್ಲಿ ಮೀನು ಮಾರುವ ಕೂಗು ಎಂದರು. ಮತ್ತೆ ನನ್ನ ಹೆಗಲ ಮೇಲೆ ಕೈಯಿಟ್ಟು, ಇವಳ ಅಮ್ಮನ ಕೂಗು, ಇವಳು ಮೀನುಗಾರರ ಮಗಳು ಎಂದು ಸೇರಿಸಿದರು. ಆ ಮಾತನ್ನು ಬೇರೆಯವರ ಬಾಯಲ್ಲಿ, ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು.

ಮುದುಕರು ಕೆಳಗಿಳಿದು ಬಂದರು. ಅವರ ಮುತ್ತಜ್ಜನವರೆಗೂ ಎಲ್ಲರೂ ಇದೇ ನದಿಯಲ್ಲಿ ಮೀನು ಹಿಡಿದವರಂತೆ. ಒಂದು ಕಾಲಕ್ಕೆ ಈ ಕೇರಿಯಲ್ಲಿ ಮೀನುಗಾರರು, ದೋಣಿಯವರು, ತೊಗಲು ಹದ ಮಾಡುವವರು. ಊರಿನ ಸ್ಥಿತಿವಂತರು ಇತ್ತ ಬರುವಾಗ ಮೂಗಿಗೆ ಬಟ್ಟೆ ಹಿಡಿಯುತ್ತಿದ್ದರು ಎಂದು ಅವರ ಅಜ್ಜಿ ಹೇಳುತ್ತಿದ್ದರಂತೆ. ಈಗ ಆ ಅಜ್ಜಿಯ ಮೊಮ್ಮಕ್ಕಳ ಕಾಲದಲ್ಲಿ ಇಲ್ಲಿ ಮದುವೆಯ ಫೋಟೋ ತೆಗೆಸಲು ದೂರದಿಂದ ಜನ ಬರುತ್ತಾರೆ. ಇದನ್ನು ಹೇಳಿ ಅವರು ಭುಜ ಕುಣಿಸಿ ನಕ್ಕರು. ಆ ನಗುವಿನಲ್ಲಿ ಕಹಿ ಇತ್ತೋ ಇಲ್ಲವೋ, ಭಾಷೆ ಗೊತ್ತಿಲ್ಲದ ನನಗೆ ತಿಳಿಯಲಿಲ್ಲ.

ಮನೆಯ ಪಕ್ಕದ ಸಣ್ಣ ಅಂಗಳದಲ್ಲಿ ಒಂದು ಉದ್ದನೆಯ, ಚಪ್ಪಟೆ ತಳದ ದೋಣಿ ಕವುಚಿ ಹಾಕಿತ್ತು. ಕೆಲವು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಇಲ್ಲಿನವರು ದೋಣಿಗಳ ತುದಿಯಲ್ಲಿ ನಿಂತು ಉದ್ದದ ಕೋಲಿನಿಂದ ಒಬ್ಬರನ್ನೊಬ್ಬರು ನೀರಿಗೆ ತಳ್ಳುವ ಆಟ ಆಡುತ್ತಾರಂತೆ. ಅವರೂ ಯೌವನದಲ್ಲಿ ಆಡಿ, ಪ್ರತಿ ಸಲವೂ ನೀರಿಗೆ ಬಿದ್ದವರೇ. ನಾನು ದೋಣಿಯ ಬೆನ್ನು ಮುಟ್ಟಿದೆ. ಬಿಸಿಲಿಗೆ ಬೆಚ್ಚಗಿತ್ತು. ಹಲಗೆಗಳ ಸಂದಿಗೆ ಬಳಿದ ಕಪ್ಪು ಡಾಂಬರಿನ ವಾಸನೆ ಬೆರಳಿಗೆ ಹತ್ತಿತು. ಅಪ್ಪ ಮೀನೆಣ್ಣೆ ಬಳಿಯುತ್ತಿದ್ದರು, ಅದು ಬೇರೆ ವಾಸನೆ. ಆದರೆ ಅಂಗೈ ಇಟ್ಟು ಮರ ಒಣಗಿದೆಯೇ ಎಂದು ನೋಡುವುದು ಎಲ್ಲ ಕಡೆಯೂ ಒಂದೇ ಇರಬೇಕು. ಮುದುಕರೂ ನನ್ನ ಕೈಯ ಪಕ್ಕದಲ್ಲೇ ಕೈಯಿಟ್ಟು ನಿಂತರು. ನಾವಿಬ್ಬರೂ ಆ ದೋಣಿಯ ಜ್ವರ ನೋಡುತ್ತಿದ್ದ ಹಾಗಿತ್ತು. ಅಂಗಳದ ಗೋಡೆಯಾಚೆ ನೀರು ಹರಿಯುತ್ತಲೇ ಇತ್ತು. ಒಂದು ಕ್ಷಣ, ಗೋಡೆ ದಾಟಿದರೆ ಅಪ್ಪ ಸೊಂಟ ನೆಟ್ಟಗಿಟ್ಟುಕೊಂಡು ಬಲೆ ಹೆಗಲಿಗೇರಿಸಿ ನಡೆದು ಬರುತ್ತಿರಬಹುದು ಎಂದು ನಂಬಿಬಿಟ್ಟೆ.

ಅಲ್ಲಿಂದ ಹೊರಬಂದು ಹಳೆಯ ಕೋಟೆಗೋಡೆಯ ಮೇಲೆ ಕೂತೆವು. ಕೆಳಗೆ ಡ್ಯಾನ್ಯೂಬ್ ಅಗಲವಾಗಿ, ಸದ್ದಿಲ್ಲದೆ ಹೋಗುತ್ತಿತ್ತು. "ಅಮ್ಮನಿಗೆ ಫೋನ್ ಮಾಡು" ಎಂದರು ಅಕ್ಕ. ಅಮ್ಮ ಈಗ ನನ್ನ ತಮ್ಮನ ಮನೆಯಲ್ಲಿ, ಮೂವರು ಮೊಮ್ಮಕ್ಕಳ ಗದ್ದಲದ ನಡುವೆ ಇದ್ದಾಳೆ. ವೀಡಿಯೊದಲ್ಲಿ ಅವಳ ಹಣೆ ಮಾತ್ರ ಕಂಡಿತು. ನಾನು ಸೇತುವೆಗೆ ಮರಳಿ ಹೋಗಿ ಫೋನು ತಿರುಗಿಸಿ ಮನೆಗಳನ್ನು, ಹೂಗಳನ್ನು, ನೀರನ್ನು ತೋರಿಸಿದೆ. ಇದು ಮೀನುಗಾರರ ಕೇರಿ ಎಂದೆ.

"ಮೀನ್ ಓಲುಂಡು ಮಗಾ?" ಎಂದಳು. ಮೀನು ಎಲ್ಲಿದೆ ಮಗಾ, ಎಂದು.

ಅಕ್ಕ ಕಟಕಟೆಗೆ ಬಾಗಿ ಹುಡುಕಿದರು. ನೆರಳಿರುವ ಕಡೆ ನಾಲ್ಕೈದು ಮೀನು ಪ್ರವಾಹಕ್ಕೆ ಎದುರಾಗಿ ಕದಲದೆ ನಿಂತಿದ್ದವು. ಫೋನಿನಲ್ಲಿ ಅವು ಕಾಣಲೇ ಇಲ್ಲ.

"ಮೀನೇ ಇಜ್ಜಿ, ಪುದರ್ ದಾಯೆಗ್?" ಎಂದು ಅಮ್ಮ ಗೊಣಗಿದಳು. ಮೀನೇ ಇಲ್ಲದ ಮೇಲೆ ಹೆಸರು ಯಾಕಂತೆ.

ಅಕ್ಕ ಫೋನು ಕಸಿದುಕೊಂಡು ತಮ್ಮ ಮುರುಕು ತುಳುವಿನಲ್ಲಿ ಪರಿಚಯ ಹೇಳಿಕೊಂಡರು. ಯಾವ ಬೀದಿ, ಯಾವ ಇಗರ್ಜಿಯ ಹಿಂದೆ, ಗೇಟಿನ ಪಕ್ಕ ಯಾವ ಮರ, ಎಲ್ಲವನ್ನೂ ಅಮ್ಮ ಕೇಳಿದಳು. ಆ ಬೀದಿಗೆ ಅವಳು ಹೋದವಳಲ್ಲ, ಅದು ಬೇರೆಯವಳ ಪಾಲಿನ ಬೀದಿ. ಆದರೂ ಆ ಬೇರೆಯವಳು ಯಾರೆಂದು ಅಮ್ಮನಿಗೆ ಗೊತ್ತಿತ್ತು. ಈಗ ಅವಳಿಲ್ಲ ಎಂದಳು. ಅಕ್ಕ ಶಿಲುಬೆಯ ಗುರುತು ಮಾಡಿಕೊಂಡರು. ಗೇಟಿನವರೆಗೆ ಬರುತ್ತಿದ್ದ ಒಂದು ಸ್ವರದ ಮುಖ ಅವರಿಗೆ ಈಗ ಸಿಕ್ಕಿತ್ತು, ಸಿಕ್ಕ ಹೊತ್ತಿಗೇ ಹೋಗಿತ್ತು.

ಆಮೇಲಿನ ದಿನಗಳು ತರಬೇತಿಯಲ್ಲಿ ಕಳೆದವು. ಯಂತ್ರದ ಬಗ್ಗೆ ಕಲಿತದ್ದೆಲ್ಲ ಪುಸ್ತಕದಲ್ಲಿದೆ. ದಿನಾ ಸಂಜೆ ಇಬ್ಬರೂ ಕೇರಿಗೆ ಇಳಿದು, ಬೆಳಕು ಗೋಡೆಯಿಂದ ಜಾರಿ ನೀರಿಗೆ ಸೇರುವವರೆಗೆ ಕೂತು ಬರುತ್ತಿದ್ದೆವು. ಮುದುಕರು ಮತ್ತೆ ಕಾಣಸಿಗಲಿಲ್ಲ. ಕಿಟಕಿ ಮುಚ್ಚಿತ್ತು.

ಕುವೈತಿಗೆ ಇಳಿದಾಗ ವಿಮಾನದ ಬಾಗಿಲಲ್ಲೇ ಬಿಸಿಗಾಳಿ ಮುಖಕ್ಕೆ ಅಪ್ಪಳಿಸಿತು. ಅಕ್ಕ ಅರಬ್ಬಿಯಲ್ಲಿ "ಯಲ್ಲಾ, ಖಲಾಸ್" ಎಂದು, ನಡಿ, ಮುಗೀತು ಎಂಬ ಹಾಗೆ, ನಿಟ್ಟುಸಿರು ಬಿಟ್ಟರು. ಮನೆಗೆ ಬಂದು ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳಿಗೆ ಹದಿಮೂರು, ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವವಳು. ಅಜ್ಜಿಯ ಬುಟ್ಟಿಯ ಕಥೆ ಅವಳಿಗೆ ಗೊತ್ತಿತ್ತು, ನಾನು ಅದನ್ನು ಹೊರಗೆ ಮುಚ್ಚಿಟ್ಟದ್ದು ಗೊತ್ತಿರಲಿಲ್ಲ.

"ಬಟ್ ವೈ, ಮಮ್ಮಾ?" ಎಂದಳು.

ಆವತ್ತು ನಕ್ಕವರ ಮುಖಗಳು, ನನ್ನ ಹೊಸ ಬಿಳಿ ಕೋಟು, ಇದನ್ನೆಲ್ಲ ಅವಳಿಗೆ ಅರ್ಥ ಮಾಡಿಸುವುದು ಹೇಗೆ? "ನಾಚಿಕೆ ಆಗಿತ್ತು" ಎಂದೆ. "ಈಗ ಆ ನಾಚಿಕೆಗೇ ನಾಚಿಕೆ ಆಗ್ತದೆ." ಅವಳು ಬಂದು ನನ್ನ ಮಡಿಲಲ್ಲಿ ತಲೆಯಿಟ್ಟಳು.

ಮರುವರ್ಷ ಅಕ್ಕ ನಿವೃತ್ತರಾಗಿ ಮಂಗಳೂರಿಗೆ ಹೊರಟುಹೋದರು. ಹೋಗಿ ತಿಂಗಳಾಗಿರಲಿಲ್ಲ, ಒಂದು ಶನಿವಾರ ಬೆಳಿಗ್ಗೆ ನಾನು ಮನೆಯ ಹತ್ತಿರದ ಎಗೈಲಾದ ಮಾಲಿನ ಎದುರು ಕಾರು ನಿಲ್ಲಿಸುತ್ತಿದ್ದಾಗ ಅವರ ಫೋನು ಬಂತು. ಹಿಂದುಗಡೆ ಮಕ್ಕಳ ಗಲಾಟೆ, ಪಾತ್ರೆಗಳ ಸದ್ದು.

"ಎಲ್ಲಿದ್ದೇನೆ ಹೇಳು?"

"ಎಲ್ಲಿ?"

"ನಿನ್ನ ಅಮ್ಮನ ಎದುರು ಮಣೆ ಹಾಕಿ ಕೂತಿದ್ದೇನೆ. ಬೂತಾಯಿ ಮೀನಿನ ಪುಳಿಮುಂಚಿ ಎರಡು ಸಲ ಬಡಿಸಿದ್ರು. ಮೂರನೇ ಸಲ ಬೇಡ ಅಂದದ್ದಕ್ಕೆ ಬೈಗುಳ ತಿಂತಾ ಇದ್ದೇನೆ."

ಅಷ್ಟರಲ್ಲಿ ಅಮ್ಮ ಏನೋ ಹೇಳಿದಳು. ಅಕ್ಕ ಏನೋ ಉತ್ತರಿಸಿದರು. ಮತ್ತೆ ಇಬ್ಬರೂ ನಗತೊಡಗಿದರು. ನನ್ನನ್ನು ಮರೆತು, ಉಸಿರು ಸಿಕ್ಕಿಕೊಳ್ಳುವಷ್ಟು ನಕ್ಕರು. ಏನು, ಏನಾಯ್ತು ಎಂದು ನಾನು ಇತ್ತ ಕೇಳುತ್ತಲೇ ಇದ್ದೆ. ಕಾರಿನ ಗಾಜಿನಾಚೆ ಬಿಸಿಲು ಬೆಳ್ಳಗೆ ಸುರಿಯುತ್ತಿತ್ತು. ನಾನು ಎಂಜಿನ್ ಆರಿಸದೆ, ಫೋನು ಕಿವಿಗೊತ್ತಿಕೊಂಡು, ಆ ನಗು ಮುಗಿಯುವವರೆಗೂ ಕೂತಿದ್ದೆ. ಏನು ವಿಷಯವೆಂದು ಇಬ್ಬರೂ ಇವತ್ತಿನವರೆಗೆ ಹೇಳಿಲ್ಲ.